ಮೊದಲು ಎಷ್ಟು ಹೋದೀತು ಎಂದು ಲೆಕ್ಕ ಹಾಕು

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದ ಮನೆಗಳಲ್ಲಿ ಈಗ ಎರಡು ಬಗೆಯ ದುಡ್ಡು ಇದೆ. ಬಿಇಎಲ್, ಎಚ್‌ಎಂಟಿ, ರೈಲ್ವೆ ಗಾಲಿ ಕಾರ್ಖಾನೆಗಳಲ್ಲಿ ಶಿಫ್ಟ್ ಮಾಡಿ ನಿವೃತ್ತರಾದವರ ಪಿಎಫ್, ಗ್ರಾಚ್ಯುಟಿ ಒಂದು. ಮಾನ್ಯತಾ ಟೆಕ್ ಪಾರ್ಕಿಗೋ ಏರ್‌ಪೋರ್ಟಿಗೋ ಕೆಲಸಕ್ಕೆ ಹೋಗುವ ಅವರ ಮಕ್ಕಳು ಮೊಮ್ಮಕ್ಕಳ ಸಂಬಳ ಇನ್ನೊಂದು. ಮೊದಲನೆಯದನ್ನು ಚೀಟಿ ನಡೆಸುವವರು, ಸೈಟು ತೋರಿಸುವವರು ಹುಡುಕಿಕೊಂಡು ಬರುತ್ತಾರೆ. ಎರಡನೆಯದಕ್ಕೆ ಯಾರೂ ಮನೆಗೆ ಬರಬೇಕಾಗಿಲ್ಲ, ಟ್ರೇಡಿಂಗ್ ಆ್ಯಪ್ ಜೇಬಿನಲ್ಲೇ ಕೂತಿದೆ. ಎರಡೂ ಕಡೆ ನಮ್ಮವರು ಕೇಳುವುದು ಒಂದೇ ಮಾತು: ‘ತಿಂಗಳಿಗೆ ಎಷ್ಟು ಬರುತ್ತೆ?’

ಲೆಕ್ಕಪತ್ರ ವಿಭಾಗದಲ್ಲಿ ಕೂತು ತಲೆಗೂದಲು ಹಣ್ಣಾದವನು ಹೇಳುತ್ತಿದ್ದೇನೆ, ಕೇಳು. ಅದು ಎರಡನೆಯ ಪ್ರಶ್ನೆ. ಮೊದಲ ಪ್ರಶ್ನೆ: ‘ಕೆಟ್ಟರೆ ಎಷ್ಟು ಹೋಗುತ್ತದೆ? ಅಷ್ಟು ಹೋದರೂ ಮನೆ ನಡೆಯುತ್ತದೆಯೇ?’ ಇದಕ್ಕೆ ಉತ್ತರ ಇಟ್ಟುಕೊಂಡವರು ಪೇಟೆ ಬಿದ್ದಾಗಲೂ ರಾತ್ರಿ ನಿದ್ದೆ ಮಾಡುತ್ತಾರೆ. ಈಗಷ್ಟೇ ಸಂಬಳ ಕಾಣುತ್ತಿರುವ, ಡಿಮ್ಯಾಟ್ ಖಾತೆ ತೆರೆಯಲು ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗೆ ಆ ಪ್ರಶ್ನೆಯಿಂದ ಹುಟ್ಟಿದ ಕೆಲವು ಕಿವಿಮಾತುಗಳು ಇಲ್ಲಿವೆ.

ಮೊದಲು ಮನೆಯ ಲೆಕ್ಕ

• ಮನೆ ನಡೆಸುವ ಅಂಕಿ ಗೊತ್ತಿರಲಿ. ಬಾಡಿಗೆ, ದಿನಸಿ, ಹಾಲು, ಕರೆಂಟು, ಶಾಲೆಯ ಫೀಸು, ಸಾಲದ ಕಂತು, ಅಪ್ಪ ಅಮ್ಮನ ಔಷಧಿ. ಇವಿಲ್ಲದೆ ತಿಂಗಳು ಸಾಗದು. ಮೂರು ತಿಂಗಳು ಬರೆದಿಟ್ಟರೆ ಸರಿಯಾದ ಮೊತ್ತ ಸಿಗುತ್ತದೆ. ಮುಂದಿನ ಎಲ್ಲ ಲೆಕ್ಕಕ್ಕೂ ಇದೇ ಬುನಾದಿ.

• ಸಂಬಳ ಬಂದ ಮರುದಿನವೇ ಉಳಿತಾಯ ಕಟ್ಟಾಗಲಿ. ಖರ್ಚಾಗಿ ಮಿಕ್ಕಿದ್ದನ್ನು ಉಳಿಸುತ್ತೇನೆ ಎಂದವರ ಹತ್ತಿರ ಮಿಕ್ಕಿದ್ದನ್ನು ನಾನು ಕಂಡಿಲ್ಲ. ತಿಂಗಳಿಗೆ 5,000 ರೂಪಾಯಿ, ವರ್ಷಕ್ಕೆ ಶೇ. 8ರ ಬೆಳವಣಿಗೆ ಎಂದಿಟ್ಟುಕೋ. ಹತ್ತು ವರ್ಷ ಹಾಕಿದರೆ ಸುಮಾರು 9 ಲಕ್ಷ, ಇಪ್ಪತ್ತು ವರ್ಷ ಹಾಕಿದರೆ ಸುಮಾರು 29 ಲಕ್ಷ. ಹಾಕಿದ್ದು ಎರಡು ಪಟ್ಟು, ಆದದ್ದು ಮೂರು ಪಟ್ಟಿಗೂ ಹೆಚ್ಚು. ನಿನ್ನ ಹತ್ತಿರ ನನಗಿಲ್ಲದ ಒಂದು ಆಸ್ತಿ ಇದೆ, ಅದು ವಯಸ್ಸು. ಅದನ್ನು ಮೊದಲು ಬಳಸಿಕೋ.

• ಆರು ತಿಂಗಳ ಖರ್ಚು ಮುಟ್ಟದ ಹಾಗೆ ಇಡು. ಕೆಲಸ ಯಾವಾಗ ಬೇಕಾದರೂ ಹೋದೀತು. ಜಾಲಹಳ್ಳಿಯ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ 1961ರಲ್ಲಿ ಕೈಗಡಿಯಾರ ಮಾಡಲು ಶುರುಮಾಡಿತು. ಒಂದು ಕಾಲದಲ್ಲಿ ಮದುವೆಗೆ ಎಚ್‌ಎಂಟಿ ವಾಚು ಕೊಡದ ಮನೆಯೇ ಅಪರೂಪ. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಸರ್ಕಾರಿ ಕಾರ್ಖಾನೆಯದೇ ಹೀಗಾದಾಗ ಸಾಫ್ಟ್‌ವೇರ್ ಕಂಪನಿಯ ಬ್ಯಾಡ್ಜು ಶಾಶ್ವತವೆಂದು ನಂಬಬೇಡ. ಈ ದುಡ್ಡು ಎಫ್‌ಡಿಯಲ್ಲೋ ಉಳಿತಾಯ ಖಾತೆಯಲ್ಲೋ ಇರಲಿ. ಷೇರಿನಲ್ಲಿ ಬೇಡ. ಕೆಲಸ ಹೋಗುವ ಕಾಲ, ಷೇರು ಬೀಳುವ ಕಾಲ ಅನೇಕ ಸಲ ಒಟ್ಟಿಗೇ ಬರುತ್ತವೆ.

• ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತಿರುಗಿಸಿ ನೋಡು. ‘ಮೂರು ರೂಪಾಯಿ ಬಡ್ಡಿ’ ಎಂದರೆ ಸಸಾರವಾಗಿ ಕೇಳಿಸುತ್ತದೆ. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಲಕ್ಷ ರೂಪಾಯಿ ಕೈಸಾಲಕ್ಕೆ ವರ್ಷಕ್ಕೆ 36,000 ಬಡ್ಡಿ ಕಟ್ಟಿದರೂ ಅಸಲು ಹಾಗೆಯೇ ನಿಂತಿರುತ್ತದೆ. ಮೀಟರ್ ಬಡ್ಡಿಯ ಮಾತೇ ಬೇಡ. ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಮುಂದಕ್ಕೆ ಹಾಕಿದರೂ ತಿಂಗಳಿಗೆ ಮೂರರಿಂದ ಮೂರೂವರೆ ಪರ್ಸೆಂಟ್ ಬೀಳುತ್ತದೆ. ಇಂಥ ಸಾಲ ಇಟ್ಟುಕೊಂಡು ಷೇರು ಕೊಳ್ಳಬೇಡ. ವರ್ಷಕ್ಕೆ ಶೇ. 36 ಖಚಿತವಾಗಿ ಉಳಿಸುವ ಹೂಡಿಕೆ ಸಾಲ ತೀರಿಸುವುದೊಂದೇ.

• ವಿಮೆ ಬೇರೆ, ಉಳಿತಾಯ ಬೇರೆ. ನಿನ್ನ ದುಡಿಮೆಯ ಮೇಲೆ ಯಾರಾದರೂ ಬದುಕುತ್ತಿದ್ದರೆ ಟರ್ಮ್ ಪಾಲಿಸಿ ಮಾಡಿಸು. ಕಂಪನಿ ಕೊಡುವ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ನಿನ್ನದೇ ಒಂದು ಪಾಲಿಸಿ ಇರಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಯ ಕಂತಿನ ಮೇಲೆ ಜಿಎಸ್‌ಟಿ ಇಲ್ಲ. ದುಬಾರಿ ಎನ್ನುವ ನೆಪ ಅಷ್ಟರಮಟ್ಟಿಗೆ ಕಡಿಮೆಯಾಯಿತು.

• ಒಂದೇ ಬ್ಯಾಂಕಿನಲ್ಲಿ ಎಲ್ಲವನ್ನೂ ತುಂಬಬೇಡ. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ನಿವೃತ್ತಿಯ ದುಡ್ಡೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರ ಪಾಡು ಬೆಂಗಳೂರು ಕಂಡಿದೆ. ಮರು ತಿಂಗಳು ಠೇವಣಿ ವಿಮೆಯ ಮಿತಿ ಒಂದು ಲಕ್ಷದಿಂದ 5 ಲಕ್ಷಕ್ಕೆ ಏರಿತು. ಆ 5 ಲಕ್ಷ ಒಂದು ಬ್ಯಾಂಕಿನ ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ. ಎರಡು ಶಾಖೆಯಲ್ಲಿ ಇಟ್ಟರೆ ಎರಡು ವಿಮೆ ಸಿಗುವುದಿಲ್ಲ.

• ಅಂಗಡಿಯ ದುಡ್ಡು ಬೇರೆ, ಮನೆಯ ದುಡ್ಡು ಬೇರೆ. ಬೇಕರಿ, ಕಾಂಡಿಮೆಂಟ್ಸ್ ಇಟ್ಟವರಿಗೆ ಈ ಮಾತು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಎಷ್ಟೋ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಅಂಟಿತು. ಮಾರಾಟದ ದುಡ್ಡು, ನೆಂಟರ ಕೈಗಡ, ಮನೆ ಬಾಡಿಗೆ ಎಲ್ಲ ಒಂದೇ ಖಾತೆಗೆ ಬಂದರೆ ಯಾವುದು ವ್ಯಾಪಾರ ಎಂದು ಬಿಡಿಸಿ ತೋರಿಸುವುದು ಕಷ್ಟ. ಎರಡು ಖಾತೆ ಇಟ್ಟುಕೋ.

ಚೀಟಿ, ಸೈಟು, ‘ಗ್ಯಾರಂಟಿ’ ಆದಾಯ

• ಚೀಟಿ ಕೆಟ್ಟದ್ದಲ್ಲ, ಆದರೆ ಅದರ ಲೆಕ್ಕ ಗೊತ್ತಿರಲಿ. ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಮೂರನೇ ತಿಂಗಳು ನಿನಗೆ ತುರ್ತು ಬಂತು, 25,000 ಬಿಟ್ಟು ಕೂಗಿದೆ. ನಿನ್ನ ಕೈಗೆ 75,000. ಬಿಟ್ಟದ್ದರಲ್ಲಿ ನಡೆಸುವವರ ಕಮಿಷನ್ 5,000 ಎಂದಿಟ್ಟುಕೊಂಡರೆ ಉಳಿದ 20,000 ಇಪ್ಪತ್ತು ಜನಕ್ಕೆ ತಲಾ ಸಾವಿರ. ಮೊದಲು ಎತ್ತಿದವನಿಗೆ ಅದು ಸಾಲ, ಕೊನೆಗೆ ಎತ್ತಿದವನಿಗೆ ಉಳಿತಾಯ. ಇಷ್ಟೂ ನಿಂತಿರುವುದು ಎತ್ತಿದವರು ಮುಂದಿನ ಕಂತು ಕಟ್ಟುತ್ತಾರೆ, ನಡೆಸುವವರು ಓಡಿಹೋಗುವುದಿಲ್ಲ ಎಂಬ ಎರಡು ನಂಬಿಕೆಯ ಮೇಲೆ.

• ನೋಂದಣಿಯಾದ ಚೀಟಿಗೆ ಮಾತ್ರ ಸೇರು. 1982ರ ಚಿಟ್ ಫಂಡ್ಸ್ ಕಾಯ್ದೆಯಂತೆ ಪ್ರತಿ ಚೀಟಿಯ ಗುಂಪೂ ರಿಜಿಸ್ಟ್ರಾರರಲ್ಲಿ ನೋಂದಣಿಯಾಗಿರಬೇಕು, ನಡೆಸುವವರು ಭದ್ರತೆ ಇಡಬೇಕು. ಕಮಿಷನ್ ಶೇ. 5 ಮೀರಬಾರದು ಎಂದಿತ್ತು, 2019ರ ತಿದ್ದುಪಡಿಯಲ್ಲಿ ಶೇ. 7 ಆಯಿತು. ನಮ್ಮ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಪಕ್ಕದ ರಸ್ತೆಯ ಆಂಟಿ ಎಷ್ಟೇ ಒಳ್ಳೆಯವರಾಗಲಿ, ಅವರ ನೋಟುಬುಕ್ಕಿನ ಚೀಟಿ ಮುಳುಗಿದರೆ ಹಿಡಿಯಲು ನಿನ್ನ ಕೈಯಲ್ಲಿ ಕಾಗದ ಇರುವುದಿಲ್ಲ.

• ‘ಗ್ಯಾರಂಟಿ’ ಎಂಬ ಮಾತಿಗೆ ಹಿಂದೆ ಸರಿ. ಆರ್.ಟಿ. ನಗರಕ್ಕೆ ದೂರವಲ್ಲದ ಶಿವಾಜಿನಗರದ ಐಎಂಎ ಕಂಪನಿ ತಿಂಗಳು ತಿಂಗಳು ಲಾಭ ಹಂಚುತ್ತಿತ್ತು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು, ತನಿಖೆ ಸಿಬಿಐವರೆಗೆ ಹೋಯಿತು. ಮಗಳ ಮದುವೆಗೆ ಇಟ್ಟ ದುಡ್ಡು, ಒಡವೆ ಮಾರಿದ ದುಡ್ಡು ಹಾಕಿದ್ದವರು ದೂರು ಕೊಡಲು ಸಾಲು ನಿಂತರು. ತಿಂಗಳಿಗೆ ಸರಿಯಾಗಿ ಲಾಭ ಬರುತ್ತಿದೆ ಎಂಬುದು ಭದ್ರತೆಗೆ ಸಾಕ್ಷಿಯಲ್ಲ. ಮೊದಲು ಸೇರಿದವರಿಗೆ ಆಮೇಲೆ ಸೇರಿದವರ ದುಡ್ಡು ಕೊಡುತ್ತಿದ್ದರೂ ತಿಂಗಳಿಗೆ ಸರಿಯಾಗಿಯೇ ಬರುತ್ತದೆ.

• ಸೈಟಿನ ಆಸೆಗೂ ಮಿತಿ ಇರಲಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಏರ್‌ಪೋರ್ಟ್ ಶುರುವಾದಾಗಿನಿಂದ ಬಾಗಲೂರು, ರಾಜಾನುಕುಂಟೆ, ದೊಡ್ಡಬಳ್ಳಾಪುರ ರಸ್ತೆಯ ಎರಡೂ ಬದಿ ಬಡಾವಣೆಯ ಬೋರ್ಡುಗಳೇ. ಜಿಪಿಎ (ಅಧಿಕಾರ ಪತ್ರ) ಮೇಲೆ ಮಾರಿದರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಭೂಪರಿವರ್ತನೆ, ಖಾತೆ, ಋಣಭಾರ ಪತ್ರ, ರೇರಾ ನೋಂದಣಿ, ಎಲ್ಲ ಕಾಗದವನ್ನೂ ನಿನ್ನ ವಕೀಲರಿಗೆ ತೋರಿಸು, ಮಾರುವವರ ವಕೀಲರಿಗಲ್ಲ. ಕಾಗದ ಸರಿಯಿದ್ದರೂ ನಿವೃತ್ತಿಯ ಅಷ್ಟೂ ದುಡ್ಡನ್ನು ಒಂದೇ ಸೈಟಿಗೆ ಸುರಿಯಬೇಡಿ ಎಂದು ಮನೆಯ ಹಿರಿಯರಿಗೆ ನೀನೇ ಹೇಳು. ಆಸ್ಪತ್ರೆಯ ಬಿಲ್ಲು ಬಂದಾಗ ಸೈಟಿನ ಒಂದು ಮೂಲೆಯನ್ನು ಮಾತ್ರ ಮಾರಲಾಗುವುದಿಲ್ಲ.

ಷೇರು ಪೇಟೆಗೆ ಹೋಗುವ ಮುನ್ನ

• ಹೂಡಿಕೆಯನ್ನೂ ಟ್ರೇಡಿಂಗನ್ನೂ ಒಂದೇ ಎಂದುಕೊಳ್ಳಬೇಡ. ಇಂಡೆಕ್ಸ್ ಫಂಡಿನಲ್ಲಿ ತಿಂಗಳಿಗೊಮ್ಮೆ ಎಸ್‌ಐಪಿ ಹಾಕಿ ಹದಿನೈದು ವರ್ಷ ಕೂರುವುದು ಹೂಡಿಕೆ. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವುದು ವ್ಯಾಪಾರ. ವ್ಯಾಪಾರಕ್ಕೆ ಬೇರೆ ಬಂಡವಾಳ, ಬೇರೆ ಖಾತೆ, ಬೇರೆ ಪುಸ್ತಕ ಬೇಕು. ಬೆಳಿಗ್ಗೆ ಟ್ರೇಡಿಂಗಿಗೆ ಕೊಂಡದ್ದು ಬಿದ್ದ ಕೂಡಲೇ ‘ಇರಲಿ ಬಿಡು, ಲಾಂಗ್ ಟರ್ಮ್’ ಎನ್ನುವುದು ನಷ್ಟಕ್ಕೆ ಹೊಸ ಹೆಸರು ಇಟ್ಟಂತೆ, ಅಷ್ಟೇ.

• ಷೇರು ಪೇಟೆಯ ನಿಯಂತ್ರಕ ಸೆಬಿಯ ಅಂಕಿಗಳನ್ನು ಒಮ್ಮೆ ಓದು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿ ಕಳೆದುಕೊಂಡರು. ತಲಾ ನಷ್ಟ ಸರಾಸರಿ ಸುಮಾರು 2 ಲಕ್ಷ, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಖರ್ಚೆಲ್ಲ ಕಳೆದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಕಂಡವರು ಶೇ. 1 ಮಾತ್ರ. 2024-25ರಲ್ಲೂ ಶೇ. 91 ಮಂದಿಗೆ ನಷ್ಟವೇ. 2023-24ರಲ್ಲಿ ಇದರಲ್ಲಿದ್ದವರ ಪೈಕಿ ಶೇ. 43 ಮಂದಿ ಮೂವತ್ತರ ಒಳಗಿನವರು, ಮುಕ್ಕಾಲು ಪಾಲು ಜನ ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯ ತೋರಿಸಿದವರು.

• ಎದುರಿಗೆ ಯಾರು ಕೂತಿದ್ದಾರೆ ಎಂದು ತಿಳಿ. ಅದೇ ವರದಿಯ ಪ್ರಕಾರ ಲಾಭ ಮಾಡಿದವರು ದೊಡ್ಡ ಪ್ರೊಪ್ರೈಟರಿ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆದಾರರು. ಅವರ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ಆಲ್ಗೊಗಳಿಂದ. ಬಿಎಂಟಿಸಿ ಬಸ್ಸಿನಲ್ಲಿ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಬಿದ್ದು ನೀನು ಒತ್ತುವ ಬಟನ್ನಿಗೆ ಎದುರಾಳಿ ಆ ಯಂತ್ರ.

• ಕಲಿಯಲು ದುಡ್ಡು ಸುರಿಯಬೇಡ. ಸೆಬಿ ಮತ್ತು ಎನ್‌ಐಎಸ್‌ಎಂ ಹೂಡಿಕೆದಾರರಿಗಾಗಿ ಉಚಿತ ಪರೀಕ್ಷೆ ನಡೆಸುತ್ತವೆ, ಅದರ ಪಠ್ಯವೂ ಉಚಿತ. ನಮ್ಮ ಊರಿನದೇ ಆದ ಬ್ರೋಕರ್ ಕಂಪನಿ ಜೆರೋಧಾದ ವಾರ್ಸಿಟಿಯ ಪಾಠಗಳಿಗೂ ಶುಲ್ಕವಿಲ್ಲ. ತಿಂಗಳಿಗೆ ಇಷ್ಟು ಲಾಭ ಎಂದು ಸ್ಕ್ರೀನ್‌ಶಾಟ್ ತೋರಿಸಿ ಕೋರ್ಸ್ ಮಾರುವವರನ್ನು ಒಂದೇ ಕೇಳು: ಅಷ್ಟು ಲಾಭ ಬರುತ್ತಿದ್ದರೆ ನನ್ನ ಫೀಸು ನಿಮಗೇಕೆ? ಮೊದಲ ಮೂರು ತಿಂಗಳು ದುಡ್ಡು ಹಾಕದೆ, ಕೊಂಡೆ ಮಾರಿದೆ ಎಂದು ನೋಟುಬುಕ್ಕಿನಲ್ಲಿ ಬರೆಯುತ್ತಾ ಹೋಗು. ಕಾಗದದ ಮೇಲೆ ಬಾರದ ಲಾಭ ಖಾತೆಗೂ ಬರುವುದಿಲ್ಲ.

ಟ್ರೇಡಿಂಗ್‌ನಲ್ಲಿ ದುಡ್ಡು ಕಾಯುವ ಲೆಕ್ಕ

• ಪೂರ್ತಿ ಹೋದರೂ ಮನೆಯ ಊಟ ಬದಲಾಗದಷ್ಟೇ ಬಂಡವಾಳ ಇರಲಿ. ಮೇಲೆ ಹೇಳಿದ ಆರು ತಿಂಗಳ ದುಡ್ಡು, ವಿಮೆ, ಎಸ್‌ಐಪಿ ಎಲ್ಲ ಆದಮೇಲೆ ಮಿಕ್ಕಿದ್ದರಲ್ಲಿ ಒಂದು ಪಾಲು. ಪರ್ಸನಲ್ ಲೋನ್, ಗೋಲ್ಡ್ ಲೋನ್, ಅಪ್ಪನ ಪಿಎಫ್, ಗೆಳೆಯನ ಕೈಗಡ, ಇವುಗಳಲ್ಲಿ ಒಂದು ರೂಪಾಯಿಯೂ ಸೇರಬಾರದು.

• ಒಂದು ಟ್ರೇಡಿನಲ್ಲಿ ಬಂಡವಾಳದ ಶೇ. 1ಕ್ಕಿಂತ ಹೆಚ್ಚು ಕಳೆಯಬೇಡ. ಇದೇ ಈ ವಿದ್ಯೆಯ ತಿರುಳು, ನಿಧಾನವಾಗಿ ಓದು. ಬಂಡವಾಳ 2 ಲಕ್ಷ. ಶೇ. 1 ಎಂದರೆ 2,000. ಒಂದು ಷೇರಿನ ಬೆಲೆ 500, ಅದು 480ಕ್ಕೆ ಇಳಿದರೆ ನಿನ್ನ ಎಣಿಕೆ ತಪ್ಪಾಯಿತು ಎಂದು ಮೊದಲೇ ತೀರ್ಮಾನಿಸಿದ್ದೀಯ. ಒಂದು ಷೇರಿಗೆ ನಷ್ಟ 20. ಎರಡು ಸಾವಿರವನ್ನು ಇಪ್ಪತ್ತರಿಂದ ಭಾಗಿಸು, ನೂರು ಷೇರು. ಅಷ್ಟೇ ಕೊಳ್ಳು. ಹಾಕುವ ದುಡ್ಡು 50,000, ಕಳೆಯುವ ದುಡ್ಡು 2,000. ಸ್ಟಾಪ್ ಲಾಸ್, ಅಂದರೆ ಮಾರಿ ಹೊರಬರುವ ಬೆಲೆ, 460ರಲ್ಲಿ ಇಡಬೇಕೆನಿಸಿದರೆ ಷೇರು ಐವತ್ತಕ್ಕೆ ಇಳಿಯಬೇಕು. ಎಷ್ಟು ಕೊಳ್ಳಬೇಕು ಎಂಬುದನ್ನು ಆಸೆ ನಿರ್ಧರಿಸಬಾರದು, ಈ ಭಾಗಾಕಾರ ನಿರ್ಧರಿಸಬೇಕು.

• ಸಾಲು ಸೋಲಿಗೆ ಸಿದ್ಧವಾಗಿರು. 1983ರಲ್ಲಿ ಷಿಕಾಗೊದ ರಿಚರ್ಡ್ ಡೆನ್ನಿಸ್ ಎಂಬ ವ್ಯಾಪಾರಿ ಟ್ರೇಡಿಂಗ್ ಕಲಿಸಬಹುದೇ ಎಂದು ನೋಡಲು ಹೊಸಬರನ್ನು ಆರಿಸಿ ತರಬೇತಿ ಕೊಟ್ಟ. ‘ಟರ್ಟಲ್ಸ್’ ಎಂದು ಹೆಸರಾದ ಅವರಿಗೂ ಒಂದು ಟ್ರೇಡಿಗೆ ಸುಮಾರು ಶೇ. 2ರ ಮಿತಿ ಇತ್ತು. ಕಾರಣ ಲೆಕ್ಕದಲ್ಲೇ ಇದೆ. ಸಾಲಾಗಿ ಹತ್ತು ಸಲ ಶೇ. 2 ಕಳೆದರೆ ಲಕ್ಷ ರೂಪಾಯಿ ಸುಮಾರು 81,700 ಆಗುತ್ತದೆ, ಹಿಂದಿನ ಜಾಗಕ್ಕೆ ಬರಲು ಶೇ. 22 ಗಳಿಸಿದರೆ ಸಾಕು. ಸಾಲಾಗಿ ಹತ್ತು ಸಲ ಶೇ. 10 ಕಳೆದರೆ ಉಳಿಯುವುದು ಸುಮಾರು 34,900. ಮತ್ತೆ ಲಕ್ಷ ಆಗಲು ಶೇ. 187 ಗಳಿಸಬೇಕು. ಅರ್ಧ ಕಳೆದುಕೊಂಡವನು ದುಡ್ಡನ್ನು ದುಪ್ಪಟ್ಟು ಮಾಡಿದರೆ ಮಾತ್ರ ಮೊದಲಿದ್ದಲ್ಲಿಗೆ ಬರುತ್ತಾನೆ.

• ಎಷ್ಟು ಸಲ ಗೆದ್ದೆ ಎನ್ನುವುದಕ್ಕಿಂತ ಎಷ್ಟೆಷ್ಟು ಗೆದ್ದೆ ಎಂದು ನೋಡು. ಹತ್ತರಲ್ಲಿ ಏಳು ಸಲ ಸಾವಿರ ಸಾವಿರ ಗೆದ್ದು, ಮೂರು ಸಲ ಮೂರು ಮೂರು ಸಾವಿರ ಸೋತರೆ ಕೈಯಿಂದ 2,000 ಹೋಯಿತು. ಹತ್ತರಲ್ಲಿ ನಾಲ್ಕೇ ಸಲ ಗೆದ್ದರೂ ಪ್ರತಿ ಸಲ 4,000 ಬಂದು, ಆರು ಸೋಲಿನಲ್ಲಿ ತಲಾ 2,000 ಮಾತ್ರ ಹೋದರೆ 4,000 ಉಳಿಯಿತು. ನಮ್ಮ ಹುಡುಗರು ಮಾಡುವುದು ಮೊದಲನೆಯದನ್ನು: ಸ್ವಲ್ಪ ಲಾಭ ಕಂಡರೆ ಹೆದರಿ ಮಾರುತ್ತಾರೆ, ನಷ್ಟ ಕಂಡರೆ ಧೈರ್ಯವಾಗಿ ಕೂರುತ್ತಾರೆ.

• ಸ್ಟಾಪ್ ಲಾಸ್ ಎಲ್ಲ ದಿನವೂ ಕಾಯುವುದಿಲ್ಲ. 2013ರ ಏಪ್ರಿಲ್ 12ರಂದು ಇನ್ಫೋಸಿಸ್ ಫಲಿತಾಂಶ ಪೇಟೆಗೆ ಹಿಡಿಸಲಿಲ್ಲ, ಷೇರು ಒಂದೇ ದಿನ ಶೇ. 21ರಷ್ಟು ಬಿತ್ತು. ಅಂಥ ದಿನ ನೀನು ಬರೆದಿಟ್ಟ ಬೆಲೆಗೆ ಕೊಳ್ಳುವವರೇ ಇರುವುದಿಲ್ಲ, ಪೇಟೆ ಸಿಕ್ಕ ಬೆಲೆಗೆ ನಿನ್ನನ್ನು ಹೊರಹಾಕುತ್ತದೆ. ಅದಕ್ಕೇ ಎರಡನೆಯ ಬೇಲಿ ಬೇಕು. ಒಂದು ಷೇರಿನಲ್ಲಿ ಬಂಡವಾಳದ ಕಾಲುಭಾಗಕ್ಕಿಂತ ಹೆಚ್ಚು ಇರಬಾರದು. ನೀನು ಕೆಲಸ ಮಾಡುವ ಕಂಪನಿಯ ಷೇರಾದರೆ ಇನ್ನೂ ಕಡಿಮೆ. ಸಂಬಳವೂ ಉಳಿತಾಯವೂ ಒಂದೇ ಕಡೆಯಿಂದ ಬಂದರೆ ಎರಡೂ ಒಂದೇ ದಿನ ಅಲ್ಲಾಡುತ್ತವೆ.

• ಸಾಲದ ಬಲದಲ್ಲಿ ಆಡಬೇಡ. ಅದೇ ದಿನ ಕೊಂಡು ಮಾರುವ ಇಂಟ್ರಾಡೇ ಷೇರಿಗೆ ಬ್ರೋಕರ್ ಐದು ಪಟ್ಟಿನವರೆಗೆ ಕೊಡಬಹುದು. ಲಕ್ಷಕ್ಕೆ ಐದು ಲಕ್ಷದ ಷೇರು. ಬೆಲೆ ಶೇ. 2 ಇಳಿದರೆ ನಿನ್ನ ಬಂಡವಾಳದಲ್ಲಿ ಶೇ. 10 ಹೋಯಿತು. ಅವರು ಕೊಡುತ್ತಾರೆಂದು ನೀನು ತೆಗೆದುಕೊಳ್ಳಬೇಕಾಗಿಲ್ಲ.

• ಎಕ್ಸ್‌ಪೈರಿ ದಿನದ ‘ಹೀರೋ–ಜೀರೋ’ ಆಟ ಬಿಡು. ಆಪ್ಷನ್ ಅವಧಿ ಮುಗಿಯುವುದು ಮಂಗಳವಾರ ನಿಫ್ಟಿಯದು, ಗುರುವಾರ ಸೆನ್ಸೆಕ್ಸಿನದು. ಐದು ರೂಪಾಯಿಯ ಆಪ್ಷನ್ ಐವತ್ತಾಗಲಿ ಎಂದು ಕೊಂಡದ್ದು ಬಹಳ ಸಲ ಮೂರೂವರೆ ಗಂಟೆಗೆ ಸೊನ್ನೆ. ಆಪ್ಷನ್ ಕೊಂಡರೆ ಕೊಟ್ಟ ಪ್ರೀಮಿಯಂ ಪೂರ್ತಿ ಹೋಗುತ್ತದೆ ಎಂದು ಇಟ್ಟುಕೊಂಡೇ ಶೇ. 1ರ ಲೆಕ್ಕ ಹಾಕು. ಆಪ್ಷನ್ ಮಾರುವುದು ಇನ್ನೂ ಅಪಾಯ. ದಿನಾ ಸಣ್ಣ ಲಾಭ ಬಂದು ಒಂದು ದಿನ ವರ್ಷದ ಗಳಿಕೆಯನ್ನು ಒಯ್ಯುತ್ತದೆ. ಚುನಾವಣಾ ಫಲಿತಾಂಶದ 2024ರ ಜೂನ್ 4ರಂದು ಸೆನ್ಸೆಕ್ಸ್ 4,389 ಅಂಶ ಬಿತ್ತು. ಅಂಥ ದಿನ ಆಪ್ಷನ್ ಮಾರಿ ಕೂತವನ ನಷ್ಟಕ್ಕೆ ತಳ ಇರುವುದಿಲ್ಲ.

• ಬೀಳುವ ಷೇರಿಗೆ ಮತ್ತೆ ಮತ್ತೆ ದುಡ್ಡು ಸುರಿಯಬೇಡ. ‘ಆವರೇಜ್ ಮಾಡಿದೆ’ ಎನ್ನುತ್ತಾರೆ. ನಿನ್ನ ಮಿತಿ 2,000 ಇತ್ತು, ಆವರೇಜ್ ಮಾಡಿದ ಮೇಲೆ ಅದು ಎಷ್ಟಾಯಿತು? ಯಶವಂತಪುರ ಯಾರ್ಡಿನ ಮಂಡಿಯವರನ್ನು ನೋಡು. ಈರುಳ್ಳಿಯ ಬೆಲೆ ಇಳಿಯುತ್ತಾ ಕೊಳೆಯಲು ಶುರುವಾದರೆ ಅವರು ನಷ್ಟಕ್ಕಾದರೂ ಲೋಡು ಖಾಲಿ ಮಾಡುತ್ತಾರೆ. ನಾಳೆಯ ಲೋಡು ಕೊಳ್ಳಲು ಬಂಡವಾಳ ಉಳಿದಿರಬೇಕಲ್ಲ.

• ದಿನಕ್ಕೊಂದು, ತಿಂಗಳಿಗೊಂದು ಗೆರೆ ಎಳೆ. ದಿನಕ್ಕೆ ಶೇ. 2 ಹೋದರೆ ಆ್ಯಪ್ ಮುಚ್ಚು. ತಿಂಗಳಿಗೆ ಶೇ. 6 ಹೋದರೆ ಮುಂದಿನ ತಿಂಗಳವರೆಗೆ ನಿಲ್ಲಿಸು. ಕಳೆದದ್ದನ್ನು ಇವತ್ತೇ ವಾಪಸು ತರುತ್ತೇನೆ ಎಂಬ ಹಟದಲ್ಲೇ ದೊಡ್ಡ ನಷ್ಟಗಳು ಆಗುವುದು. ಸೆಬಿ ಲೆಕ್ಕದಲ್ಲಿ ನಷ್ಟ ಕಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಎರಡು ವರ್ಷ ಸತತ ಸೋತರೂ ಆಡುತ್ತಲೇ ಇದ್ದರು.

• ಖರ್ಚಿನ ಕಾಲಂ ಮೊದಲು ನೋಡು. ಆರ್ಡರಿಗೆ 20 ರೂಪಾಯಿ ಎಂದರೆ ಏನು ಮಹಾ ಅನಿಸುತ್ತದೆ. ಕೊಂಡು ಮಾರಿದರೆ 40. ದಿನಕ್ಕೆ ಐದು ಸಲ ಮಾಡಿದರೆ 200, ತಿಂಗಳ ಇಪ್ಪತ್ತು ದಿನಕ್ಕೆ 4,000. ಬಂಡವಾಳ ಒಂದು ಲಕ್ಷವಾದರೆ ವರ್ಷಕ್ಕೆ ಶೇ. 48 ಬರೀ ಬ್ರೋಕರೇಜಿಗೆ ಹೋಯಿತು. ಎಸ್‌ಟಿಟಿ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಇನ್ನೂ ಸೇರಿಸಿಲ್ಲ. ಜೆ.ಸಿ. ರಸ್ತೆಯಲ್ಲಿ ಬೆಂಗಳೂರು ಷೇರು ವಿನಿಮಯ ಕೇಂದ್ರ ನಡೆಯುತ್ತಿದ್ದ ಕಾಲದಲ್ಲಿ ಬ್ರೋಕರಿಗೆ ಫೋನು ಮಾಡಿ, ಕಾಗದದ ಷೇರುಪತ್ರ ಹಿಡಿದು ಓಡಾಡಬೇಕಿತ್ತು. ಆ ತಾಪತ್ರಯವೇ ಎಷ್ಟೋ ಅನಗತ್ಯ ವ್ಯಾಪಾರವನ್ನು ತಡೆಯುತ್ತಿತ್ತು. 2013ರಲ್ಲಿ ಆ ಕೇಂದ್ರವೂ ಮುಚ್ಚಿತು. ಈಗ ತಡೆ ನಿನ್ನೊಳಗೇ ಇರಬೇಕು.

• ಲಾಭ ಬಂದರೆ ಹೊರಗೆ ತೆಗೆ. ತಿಂಗಳ ಲಾಭದಲ್ಲಿ ಅರ್ಧವನ್ನು ಬ್ಯಾಂಕಿಗೆ ಹಾಕಿ, ಅಲ್ಲಿಂದ ಎಸ್‌ಐಪಿಗೋ ಎಫ್‌ಡಿಗೋ ಕಳಿಸು. ಸ್ಕ್ರೀನ್ ಮೇಲಿನ ಲಾಭ ಇನ್ನೂ ಪೇಟೆಯದು, ಬ್ಯಾಂಕಿಗೆ ಬಂದ ಮೇಲೆ ನಿನ್ನದು.

ತೆರಿಗೆ, ಮೋಸ, ಮನೆಯವರು

• ನಷ್ಟವಾಗಿದ್ದರೂ ರಿಟರ್ನ್ ಹಾಕು. ಇಂಟ್ರಾಡೇ ಷೇರಿನದು ಸ್ಪೆಕ್ಯುಲೇಷನ್ ಆದಾಯ, ಅದರ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು. ಫ್ಯೂಚರ್ಸ್, ಆಪ್ಷನ್ಸ್‌ನದು ವ್ಯಾಪಾರದ ಆದಾಯ, ಎಂಟು ವರ್ಷ. ಎರಡಕ್ಕೂ ಗಡುವಿನೊಳಗೆ ರಿಟರ್ನ್ ಹಾಕಿರಬೇಕು. ಷೇರನ್ನು ಒಂದು ವರ್ಷದೊಳಗೆ ಮಾರಿದರೆ ಲಾಭಕ್ಕೆ ಶೇ. 20 ತೆರಿಗೆ. ವರ್ಷ ದಾಟಿದರೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ. 12.5. 2024ರ ಜುಲೈ 23ರಿಂದ ಈ ದರ. ಕಾದವನಿಗೆ ತೆರಿಗೆಯೂ ಕಡಿಮೆ.

• ವಾಟ್ಸ್‌ಆ್ಯಪ್ ಗುಂಪಿನ ಗುರುವನ್ನು ನಂಬಬೇಡ. ಮೊದಲು ಗುಂಪಿಗೆ ಸೇರಿಸುತ್ತಾರೆ, ಆಮೇಲೆ ತಮ್ಮದೇ ಆ್ಯಪ್ ಹಾಕಿಸುತ್ತಾರೆ. ಅದರಲ್ಲಿ ನಿನ್ನ ಹತ್ತು ಸಾವಿರ ಎರಡೇ ವಾರದಲ್ಲಿ ಲಕ್ಷವಾಗಿ ಕಾಣುತ್ತದೆ. ತೆಗೆಯಲು ಹೋದರೆ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಯಾವ ಬ್ರೋಕರೂ ನಿನ್ನ ದುಡ್ಡು ಕೊಡಲು ನಿನ್ನಿಂದ ದುಡ್ಡು ಕೇಳುವುದಿಲ್ಲ. ಸೆಬಿ ನೋಂದಣಿ ಇರುವವರಿಗೆ 2025ರ ಅಕ್ಟೋಬರ್‌ನಿಂದ ‘ವ್ಯಾಲಿಡ್’ ಎಂಬ ಪದವಿರುವ ಯುಪಿಐ ವಿಳಾಸ ಬಂದಿದೆ, ಕಳಿಸುವ ಮುಂಚೆ ‘ಸೆಬಿ ಚೆಕ್’ನಲ್ಲಿ ನೋಡು. ಮೋಸವಾಯಿತೆಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡು. ನಾಚಿಕೆಯಿಂದ ತಡಮಾಡಿದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟಿಹೋಗುತ್ತದೆ.

• ಮನೆಯಲ್ಲಿ ಮುಚ್ಚಿಡಬೇಡ. ಹೆಂಡತಿಗೋ ಗಂಡನಿಗೋ ಅಮ್ಮನಿಗೋ ಹೇಳಲಾಗದ ಟ್ರೇಡು ಮಾಡಬೇಡ. ಎಲ್ಲ ಖಾತೆಗೂ ನಾಮಿನಿ ಬರೆಸು. ಯಾವ ಬ್ಯಾಂಕು, ಯಾವ ಡಿಮ್ಯಾಟು, ಯಾವ ಪಾಲಿಸಿ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡು. ಸಾಲ ಮಾಡಿ ಆಡುತ್ತಿದ್ದೀಯ, ನಿಲ್ಲಿಸಲು ಆಗುತ್ತಿಲ್ಲ ಎಂದಾದರೆ ಅದು ಲೆಕ್ಕದ ವಿಷಯವಲ್ಲ, ಚಟ. ನಿಮ್ಹಾನ್ಸ್‌ನಂಥ ಕಡೆ ಅದಕ್ಕೂ ವೈದ್ಯರಿದ್ದಾರೆ, ಹೋಗಿ ಮಾತಾಡು.

ಇಷ್ಟೂ ಮಾತನ್ನು ನೆನಪಿಡಲಾಗದಿದ್ದರೆ ಚಿಂತೆಯಿಲ್ಲ. ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು ಮೂರು ಅಂಕಿ ಬರೆ. ಮನೆ ನಡೆಯಲು ತಿಂಗಳಿಗೆ ಎಷ್ಟು ಬೇಕು. ಪೂರ್ತಿ ಹೋದರೂ ತಡೆಯಬಲ್ಲ ಬಂಡವಾಳ ಎಷ್ಟು. ಒಂದು ಟ್ರೇಡಿನಲ್ಲಿ ಹೆಚ್ಚೆಂದರೆ ಎಷ್ಟು ಕಳೆಯುತ್ತೀಯ. ಈ ಮೂರನ್ನೂ ಬರೆಯಲು ಆಗದಿದ್ದರೆ ಟ್ರೇಡಿಂಗ್ ಖಾತೆ ತೆರೆಯಬೇಡ. ಎಸ್‌ಐಪಿ ಹಾಕು, ಸಾಲ ತೀರಿಸು, ನಿನ್ನ ಕೆಲಸದಲ್ಲಿ ಮೇಲೆ ಬಾ. ನಮ್ಮಲ್ಲಿ ಬಹಳ ಮಂದಿಗೆ ಅಷ್ಟು ಸಾಕು.